ಮಲಕಪ್ಪನ ನಾಲಿಗೆಯೂ ಮೊಮ್ಮಗನ ಹಾಲೂ

ಗುಳೇದಗುಡ್ಡದ ನೇಕಾರರ ಓಣಿಯಲ್ಲಿ ಬೆಳೆದವರಿಗೆ ಅರ್ಧ ಕಣ್ಣು ಕಿವಿಯಲ್ಲೇ ಇರುತ್ತದೆ. ಹೊರಗೆ ಬೀದಿಯಲ್ಲಿ ನಿಂತೇ ಒಳಗಿನ ಮಗ್ಗ ಹೇಗೆ ನಡೆದಿದೆ ಎಂದು ಹೇಳಿಬಿಡುತ್ತಾರೆ. ಸಪ್ಪಳ ಒಂದೇ ಹದದಲ್ಲಿ ಬರುತ್ತಿದ್ದರೆ ಮನೆಯಲ್ಲಿ ಎಲ್ಲ ನೆಟ್ಟಗಿದೆ ಎಂದರ್ಥ. ತಡವರಿಸಿದರೆ ಎಳೆ ಹರಿದಿದೆ. ನಿಂತೇ ಹೋದರೆ ಯಾರಿಗೋ ಜ್ವರ ಬಂದಿದೆ, ಇಲ್ಲವೆ ಬೀಗರು ಬಂದಿದ್ದಾರೆ. ಈ ವಿದ್ಯೆಯಲ್ಲಿ ಮಲಕಪ್ಪನನ್ನು ಮೀರಿಸುವವರು ಆ ಓಣಿಯಲ್ಲಿ ಇರಲಿಲ್ಲ. ಅಂಥ ಕಿವಿಯೇ ಅವನ ಮೊಮ್ಮಗನ ವಿಷಯದಲ್ಲಿ ಅವನಿಗೆ ಮೋಸ ಮಾಡಿತು.

ಮಲಕಪ್ಪ ಕುಪ್ಪಸದ ಖಣ ನೇಯುವವನು. ಅಪ್ಪನ ಕಾಲದ ಕುಣಿಮಗ್ಗ ಪಡಸಾಲೆಯ ಮೂಲೆಯಲ್ಲಿದೆ. ನೆಲದಲ್ಲಿ ತೋಡಿದ ಕುಣಿಗೆ ಕಾಲು ಇಳಿಬಿಟ್ಟು ಕೂತನೆಂದರೆ ಹಸಿವೆ, ನೀರಡಿಕೆ ಎರಡೂ ಮರೆತು ಹೋಗುತ್ತವೆ. ಓಣಿಯವರು ಒಬ್ಬೊಬ್ಬರಾಗಿ ಕರೆಂಟಿನ ಮಗ್ಗಕ್ಕೆ ಹೊರಳಿದರು, ಕೆಲವರು ಮಗ್ಗದ ಕಟ್ಟಿಗೆ ಬಿಚ್ಚಿ ಅಟ್ಟಕ್ಕೆ ಎಸೆದರು. ಮಲಕಪ್ಪ ಮಾತ್ರ ಕುಣಿ ಬಿಟ್ಟು ಏಳಲಿಲ್ಲ. ಮಂದಿ ಅದನ್ನು ಹಟ ಅಂದರು. ಹಟವೇನೂ ಅಲ್ಲ. ಮಗ್ಗದ ಮುಂದೆ ಕೂತವನು ಯಾರ ಜೊತೆಗೂ ಮಾತಾಡಬೇಕಿಲ್ಲ, ಅಷ್ಟೇ.

ಏಕೆಂದರೆ ಅವನ ನಾಲಿಗೆ ಹುಟ್ಟಿದಾಗಿನಿಂದಲೂ ಗಿಡ್ಡ ಹಗ್ಗದಲ್ಲಿ ಕಟ್ಟಿದ ಕರುವಿನ ಹಾಗೆ. ತುದಿ ಮೇಲಕ್ಕೆ ಏಳುವುದಿಲ್ಲ, ತುಟಿ ದಾಟಿ ಹೊರಗೆ ಬರುವುದಿಲ್ಲ. ರ ಅನ್ನಲು ಹೋದರೂ, ಲ, ಳ ಅನ್ನಲು ಹೋದರೂ ಬಾಯಲ್ಲಿ ರೊಟ್ಟಿಯ ತುತ್ತು ಇದ್ದಂತೆ ಮುದ್ದೆಯಾಗಿ ಬರುತ್ತದೆ. ಸಾಲೆಗೆ ಹಾಕಿದ ದಿನ ಮಾಸ್ತರರು ಹೆಸರು ಕೇಳಿದರು. ‘ಮಯಕಪ್ಪ’ ಅಂದ. ಹುಡುಗರು ನಕ್ಕರು. ಮಾಸ್ತರರು ಇನ್ನೊಮ್ಮೆ ಹೇಳಿಸಿದರು, ತಾವೂ ನಕ್ಕರು. ಸಂಜೆಯ ಹೊತ್ತಿಗೆ ಅದೇ ಅವನ ಹೆಸರಾಗಿತ್ತು. ಸ್ವಲ್ಪ ದಿನ ತಡೆದುಕೊಂಡ, ಆಮೇಲೆ ಪಾಟಿಚೀಲ ಗೂಟಕ್ಕೆ ಹಾಕಿ ಅಪ್ಪನ ಮಗ್ಗದ ಪಕ್ಕದಲ್ಲಿ ಕೂತು ಲಾಳಿಯೊಳಗೆ ಹಾಕುವ ನೂಲಿನ ಕಂಡಿಕೆ ಸುತ್ತತೊಡಗಿದ. ಅವನ ಮಾತನ್ನು ಇಲ್ಲಿಂದ ಮುಂದೆ ನೆಟ್ಟಗೇ ಬರೆದಿದೆ. ಅವನು ಆಡಿದಂತೆಯೇ ಬರೆದರೆ ಓದುವವರು ಅವನ ಮಾತನ್ನು ಬಿಟ್ಟು ನಾಲಿಗೆಯನ್ನು ನೋಡುತ್ತ ಕೂತಾರು. ಅದು ಅವನಿಗೆ ಜೀವನವೆಲ್ಲ ಆಗಿದೆ, ಇಲ್ಲಿಯೂ ಬೇಡ.

ಬಸ್ಸಿನಲ್ಲಿ ಹೋಗುವುದೆಂದರೆ ಅವನಿಗೆ ಪರೀಕ್ಷೆ. ಬಾದಾಮಿಗೆ ಹೋಗುವುದಿದ್ದರೆ ಚಿಂತೆಯಿಲ್ಲ, ಆ ಹೆಸರು ಬಾಯಿಗೆ ಸಲೀಸು. ಇಳಕಲ್ಲಿಗೆ ರೇಶ್ಮೆ ತರಲು ಹೋಗುವಾಗ ಮಾತ್ರ ಕಂಡಕ್ಟರನ ಮುಂದೆ ‘ಹುನಗುಂದ’ ಅಂದು ಟಿಕೀಟು ಹರಿಸಿಕೊಳ್ಳುತ್ತಿದ್ದ. ಹುನಗುಂದದಲ್ಲಿ ಇಳಿದು, ಇಳಕಲ್ಲಿನ ಬಸ್ಸು ಹತ್ತಿ, ಅಲ್ಲಿ ಬೆರಳು ತೋರಿಸಿ, ತಲೆ ಆಡಿಸಿ ಹೇಗೋ ಮುಟ್ಟುತ್ತಿದ್ದ. ಎರಡು ಬಸ್ಸಿನ ತ್ರಾಸು ತೆಗೆದುಕೊಂಡರೂ ಚಿಂತೆಯಿಲ್ಲ, ನಗಿಸಿಕೊಳ್ಳುವುದು ಬೇಡ. ಕೊನೆಗೆ ತನ್ನ ಊರಿಗೆ ತಿರುಗಿ ಬರುವಾಗಲೂ ಅದೇ ಪಾಡು. ಸ್ವಂತ ಊರಿನ ಹೆಸರನ್ನು ನಾಲ್ಕು ಮಂದಿಯ ನಡುವೆ ಬಾಯಿ ಬಿಟ್ಟು ಹೇಳಿದವನಲ್ಲ.

ಮದುವೆಗೆ ಹೆಣ್ಣು ನೋಡಲು ಹೋದಾಗ ಬಾಯಿ ಮುಚ್ಚಿ ಕೂತಿದ್ದ. ಹುಡುಗ ಭಾಳ ಗಂಭೀರ ಎಂದು ಹೆಣ್ಣಿನ ಅಪ್ಪ ಮೆಚ್ಚಿಕೊಂಡರು. ಮದುವೆಯಾಗಿ ಬಂದ ಸುಂದರವ್ವನಿಗೆ ಗಂಭೀರ ಎಂಥದ್ದು ಎಂಬುದು ಮೂರನೇ ದಿನಕ್ಕೆ ತಿಳಿಯಿತು. ಅಳಲಿಲ್ಲ, ಮುಖ ಊದಿಸಲಿಲ್ಲ. “ಆತು ಬಿಡ್ರಿ, ನಿಮ್ಮ ಪಾಲಿನ ಮಾತೂ ನಾನ ಆಡ್ತೇನಿ” ಅಂದಳು. ಅಂದಂತೆ ನಡೆದಳು ಕೂಡ. ಸಾವಕಾರರ ಹತ್ತಿರ ಖಣದ ದರ ಕುದುರಿಸುವವಳು ಅವಳು, ನೀರಿನ ನಳದ ಮುಂದೆ ಜಗಳಾಡುವವಳು ಅವಳು, ಮಗನ ಸಾಲೆಗೆ ಹೋಗಿ ಮಾಸ್ತರರನ್ನು ಕಾಣುವವಳು ಅವಳು. ಮೂವತ್ತೈದು ವರ್ಷದಲ್ಲಿ ಮಲಕಪ್ಪ ಅವಳ ಮಾತನ್ನು ನಡುವೆ ತುಂಡರಿಸಿದ್ದು ಒಮ್ಮೆಯೂ ಇಲ್ಲ.

ಒಬ್ಬನೇ ಮಗ ರಾಹುಲ ಇಳಕಲ್ಲಿನ ಗ್ರಾನೈಟ್ ಕಾರ್ಖಾನೆಯಲ್ಲಿ ಮಷೀನು ನೋಡಿಕೊಳ್ಳುತ್ತಾನೆ, ವಾರಕ್ಕೊಮ್ಮೆ ಮನೆಗೆ ಬರುತ್ತಾನೆ. ಸೊಸೆ ಜಯಶ್ರೀ ಕಲಾದಗಿಯ ಹುಡುಗಿ. ಸಣ್ಣವಳಿದ್ದಾಗಲೇ ತಾಯಿ ತೀರಿದ್ದರಿಂದ ಚೊಚ್ಚಿಲ ಬಾಣಂತನಕ್ಕೆ ತವರಿಗೆ ಹೋಗಲಿಲ್ಲ. “ಅವ್ವ ಇಲ್ಲಂದ್ರೇನಾತು, ಅತ್ತಿ ಅದಾಳಲ್ಲ” ಎಂದು ಸುಂದರವ್ವನೇ ಸೆರಗು ಕಟ್ಟಿ ನಿಂತಳು. ಗಂಡು ಕೂಸು ಹುಟ್ಟಿತು. ಒಳಕೋಣೆಗೆ ಪರದೆ ಬಿತ್ತು, ತೊಟ್ಟಿಲು ಕಟ್ಟಿದರು, ಎರೆದು ಹೊಗೆ ಹಾಕಲು ಪಕ್ಕದ ಮನೆಯ ಖೈರುನಬಿ ದಿನಾ ಮುಂಜಾನೆ ಬರತೊಡಗಿದಳು. ಓಣಿಯ ಅರ್ಧ ಮಕ್ಕಳನ್ನು ಕಾಲಮೇಲೆ ಹಾಕಿಕೊಂಡು ಎರೆದ ಕೈ ಅವಳದು.

ಕೂಸು ಎದೆಗೆ ಬಾಯಿ ಹಚ್ಚಿದರೆ ಟಕ್, ಟಕ್ ಎಂದು ಸಪ್ಪಳ. ಪರದೆ ದಾಟಿ ಪಡಸಾಲೆಗೆ ಕೇಳುವಷ್ಟು ಜೋರು. ಮಗ್ಗದ ಹಗ್ಗ ಎಳೆಯುತ್ತಿದ್ದ ಮಲಕಪ್ಪ ಕೈ ತಡೆದು ಕಿವಿಗೊಟ್ಟ. ಲಾಳಿ ಈ ಕಡೆಯಿಂದ ಆ ಕಡೆಗೆ ಬಡಿದಂತೆಯೇ, ಹದ ತಪ್ಪದ ಸಪ್ಪಳ.

“ಕೇಳ್ರಿ, ಕೇಳ್ರಿ! ನಿಮ್ಮ ಮೊಮ್ಮಗನೂ ಮಗ್ಗ ಹೂಡ್ಯಾನ” ಎಂದು ಸುಂದರವ್ವ ಹಿಗ್ಗಿದಳು. “ಹೆಂಗ ಹೀರಾಕತ್ತಾನ ನೋಡ್ರಿ, ಭಾಳ ಜೋರದಾನ!”

ಮಲಕಪ್ಪನಿಗೂ ಹಾಗೇ ಅನ್ನಿಸಿತು. ಸಪ್ಪಳ ಬರುತ್ತಿದ್ದರೆ ಕೆಲಸ ನಡೆದಿದೆ ಎನ್ನುವುದು ಅವನ ರಕ್ತದಲ್ಲೇ ಇದ್ದ ನಂಬಿಕೆ. ಬೇರೆ ಊರಿನ ಅಜ್ಜನಾಗಿದ್ದರೆ ಆ ಸಪ್ಪಳ ಕೇಳಿ ಏನೋ ಅಂದುಕೊಳ್ಳುತ್ತಿದ್ದನೋ ಏನೋ. ಇವನು ಮಾತ್ರ ಅದರ ಹದಕ್ಕೆ ತನ್ನ ಲಾಳಿಯನ್ನು ಜೋಡಿಸಿಕೊಂಡು ಖುಷಿಯಿಂದ ನೇಯ್ದ. ಒಳಗೆ ಜಯಶ್ರೀ ಸೆರಗಿನ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡು ಕೂತಿದ್ದು ಅವನಿಗೆ ಕಾಣುವಂತಿರಲಿಲ್ಲ.

ಎರಡು ವಾರ ಕಳೆಯಿತು. ಕೂಸು ಹಗಲೆಲ್ಲ ಎದೆಗೆ ಅಂಟಿಕೊಂಡೇ ಇರುತ್ತಿತ್ತು. ಕುಡಿದು ಕುಡಿದು ದಣಿದು ನಿದ್ದೆ ಹೋಗುತ್ತಿತ್ತು, ತೊಟ್ಟಿಲಿಗೆ ಹಾಕಿದ ಗಳಿಗೆಗೆ ಎದ್ದು ಮತ್ತೆ ಅಳುತ್ತಿತ್ತು. ಆಶಾ ಕಾರ್ಯಕರ್ತೆ ರಾಧಿಕಾ ತೂಕದ ಜೋಲಿ ಹಿಡಿದುಕೊಂಡು ಬಂದಳು. ಕೂಸನ್ನು ಜೋಲಿಗೆ ಹಾಕಿ ಮುಳ್ಳು ನೋಡಿದವಳ ಮುಖ ಸಣ್ಣದಾಯಿತು.

“ಅಮ್ಮಾರ, ಹುಟ್ಟಿದಾಗ ಇದ್ದ ತೂಕಕ್ಕೂ ಬಂದಿಲ್ರಿ ಇದು. ಇಷ್ಟೊತ್ತಿಗೆ ಅದನ್ನ ದಾಟಬೇಕಾಗಿತ್ತು. ಹಾಲು ಸರಿ ಕುಡಿಯಾಕತ್ತೇತೇನ್ರಿ?”

“ಕುಡಿಯೂ ಸಪ್ಪಳ ಓಣಿಗೆಲ್ಲ ಕೇಳತೇತಿ!” ಅಂದಳು ಸುಂದರವ್ವ.

“ಸಪ್ಪಳಾ ಬ್ಯಾರೆ, ತೂಕ ಬ್ಯಾರೆ ಐತ್ರಿ. ಮಕ್ಕಳ ಡಾಕ್ಟರಿಗೆ ಒಮ್ಮೆ ತೋರಸ್ರಿ” ಎಂದು ಹೇಳಿ ರಾಧಿಕಾ ಹೋದಳು.

ಸುಂದರವ್ವ ಕೆಟ್ಟ ಹೆಂಗಸಲ್ಲ. ಆದರೆ ಹೆದರಿಕೆ ಬಂದಾಗ ಅವಳ ಬಾಯಿ ಮುಂದೆ ಓಡುತ್ತದೆ, ಬುದ್ಧಿ ಹಿಂದೆ ಬರುತ್ತದೆ. ಕೂಸು ಅಷ್ಟು ಜೋರಾಗಿ ಹೀರುತ್ತಿದ್ದರೂ ಮೈ ಹಿಡಿಯುವುದಿಲ್ಲ ಎಂದರೆ ತಪ್ಪು ಹಾಲಿನದೇ ಇರಬೇಕು ಎಂದು ಅವಳು ಲೆಕ್ಕ ಹಾಕಿದಳು. ಹಾಲು ಹೆಚ್ಚಲೆಂದು ಸಬ್ಬಸಗಿ ಪಲ್ಲೆ ಮಾಡಿದಳು, ಅಳವಿ ಪಾಯಸ ಕುಡಿಸಿದಳು, ಬಳ್ಳೊಳ್ಳಿ ಹುರಿದು ತಿನ್ನಿಸಿದಳು, ಅಂಟಿನುಂಡಿಯ ಡಬ್ಬಿ ತಲೆಯ ದಿಂಬಿಗೇ ತಂದಿಟ್ಟಳು. ಏನೂ ಫರಕು ಕಾಣಲಿಲ್ಲ.

“ನಿನ್ನ ಹಾಲು ನೀರಾಗೇತಿ ಜಯಾ. ಇಷ್ಟು ತಿಂದ್ರೂ ಎಲ್ಲಿ ಹೋಗತೇತಿ ಅದು?” ಅಂದಳು ಒಂದು ದಿನ.

ಕೂಸಿಗೆ ಎರೆಯುತ್ತಿದ್ದ ಖೈರುನಬಿ ತಲೆ ಎತ್ತಿದಳು. “ಸುಂದರಕ್ಕಾ, ಹುಡುಗಿನ್ನ ಬೈಬ್ಯಾಡ. ಎದಿ ಒಡದು ರಕ್ತ ಬರಾಕತ್ತೇತಿ ಆಕಿಗೆ. ನಿನ್ನ ಮುಂದ ಹೇಳಾಕ ಹೆದರ್‍ಯಾಳ.”

“ಚೊಚ್ಚಿಲ ಬಾಣಂತಿಗೆ ಅದೆಲ್ಲಾ ಆಗೂದ ಬಿಡ ಖೈರು.”

“ಇಷ್ಟೊಂದ ಆಗಂಗಿಲ್ಲ” ಅಂದಳು ಖೈರುನಬಿ, ನೀರಿನ ತಂಬಿಗೆ ಕೆಳಗಿಟ್ಟು.

ಮರುದಿನ ಸುಂದರವ್ವ ಆಕಳ ಹಾಲು ಕಾಸಿ ಬಾಟ್ಲಿಗೆ ತುಂಬಿದಳು. ಕೂಸು ಬಾಟ್ಲಿಯ ಮೇಲೂ ಅದೇ ಟಕ್ ಟಕ್ ಹೂಡಿತು. ಹಾಲು ಕಟಬಾಯಿಯಿಂದ ಇಳಿದು ಕುತ್ತಿಗೆ ತೊಯ್ಯಿತು, ಒಳಗೆ ಹೋದದ್ದು ಅಷ್ಟಕ್ಕಷ್ಟೇ. ಸಂಜೆ ರಾಹುಲನ ಫೋನು ಬಂದಾಗ ಸುಂದರವ್ವ ಪಡಸಾಲೆಯಲ್ಲೇ ನಿಂತು, “ಏನ್ ಹೇಳ್ಲೋ ತಮ್ಮಾ, ನಿನ್ನ ಹೇಣ್ತಿ ಎದ್ಯಾಗ ಸತ್ವ ಇಲ್ಲ” ಅಂದಳು. ಪರದೆಯ ಆಚೆಯಿಂದ ಒಂದು ಬಿಕ್ಕಳಿಕೆ ಕೇಳಿಸಿತು. ಅದನ್ನು ನುಂಗಿಕೊಂಡದ್ದೂ ಮಲಕಪ್ಪನಿಗೆ ಕೇಳಿಸಿತು. ಮಾವನಾದವನು ಬಾಣಂತಿ ಸೊಸೆಯ ಜೊತೆ ನೇರ ಮಾತಾಡುವ ಪದ್ಧತಿ ಆ ಮನೆಯಲ್ಲಿ ಇರಲಿಲ್ಲ. ಇದ್ದರೂ ಅವನಿಗೆ ಬಾಯಿ ಎಲ್ಲಿತ್ತು? ಬೇರೇನೂ ತೋಚದೆ ಮಗ್ಗಕ್ಕೆ ಇಳಿದ.

ಹಗ್ಗ ಎಳೆದ, ಲಾಳಿ ಓಡಿತು. ಟಕ್. ಮತ್ತೆ ಎಳೆದ. ಟಕ್. ಕೈ ತನ್ನ ಪಾಡಿಗೆ ತಾನು ನಡೆದಿತ್ತು, ಮನಸ್ಸು ಪರದೆಯ ಆಚೆ ಇತ್ತು. ಬಹಳ ಹೊತ್ತಿನ ಮೇಲೆ ಕಣ್ಣು ಕೆಳಗೆ ಬಿತ್ತು. ಬಟ್ಟೆ ಒಂದು ಕೂದಲಿನಷ್ಟೂ ಬೆಳೆದಿರಲಿಲ್ಲ. ಲಾಳಿಯೊಳಗಿನ ಕಂಡಿಕೆಯಲ್ಲಿ ನೂಲು ಯಾವಾಗಲೋ ಮುಗಿದುಹೋಗಿತ್ತು. ಬರೀ ಕಡ್ಡಿ ಹೊತ್ತುಕೊಂಡು ಲಾಳಿ ಆ ಕಡೆ ಈ ಕಡೆ ಓಡಾಡಿತ್ತು. ಸಪ್ಪಳ ಮಾತ್ರ ಹಾಗೆಯೇ, ಹದ ತಪ್ಪದೆ.

ಮಲಕಪ್ಪ ಹಗ್ಗ ಕೈಬಿಟ್ಟ. ಒಳಗೆ ಕೂಸು ಮತ್ತೆ ಟಕ್ ಟಕ್ ಅನ್ನತೊಡಗಿತ್ತು. ಇಷ್ಟು ದಿನ ಕಿವಿಗೆ ಇಂಪಾಗಿದ್ದ ಸಪ್ಪಳ ಈಗ ಎದೆಗೆ ಬಡಿಯಿತು. ಇದೂ ಖಾಲಿ ಲಾಳಿಯೇ. ಕೂಸು ಹೀರುತ್ತಿಲ್ಲ. ಹೀರಲು ಹೋಗಿ ಪ್ರತಿ ಸಲವೂ ಬಾಯಿ ಜಾರುತ್ತಿದೆ, ಜಾರಿದಾಗ ಬರುವ ಸಪ್ಪಳ ಇದು.

ಜಾರುತ್ತಿದೆ ಯಾಕೆ? ಅವನಿಗೆ ತೀರಿಹೋದ ತನ್ನ ತಾಯಿಯ ಮಾತು ನೆನಪಿಗೆ ಬಂತು. ಸಣ್ಣವನಿದ್ದಾಗ ಅವಳು ಬಂದವರ ಮುಂದೆಲ್ಲ ಹೇಳುತ್ತಿದ್ದಳು, “ನನ್ನ ಮಲಕ್ಯಾಗ ಹಾಲು ಕುಡಿಯಾಕ ಬರ್ತಿದ್ದಿಲ್ರೆವಾ. ಎದಿಗೆ ಹಾಕಿದ್ರ ಲೊಚಗುಡತಿದ್ದ, ಜಾರತಿದ್ದ. ಹಿಂಡಿ ಹಿಂಡಿ ಒಳಲ್ಯಾಗ ಹಾಕಿ ಬದಕಿಸೇನಿ.” ಆ ಮಾತನ್ನು ಕೇಳಿ ಕೇಳಿ ಬೇಸತ್ತು ಮರೆತುಬಿಟ್ಟಿದ್ದ.

ಕುಣಿಯಿಂದ ಎದ್ದು ಬಂದು ಪರದೆಯ ಹೊರಗೆ ನಿಂತ. “ಕೂಸಿನ್ನ ಕೊಡು” ಅಂದ ಹೆಂಡತಿಗೆ.

“ಈಗ ಯಾಕ್ರಿ? ಅಳಾಕತ್ತೇತಿ.”

“ಅಳಲಿ. ಅಳೂದ ಬೇಕು.”

ಸುಂದರವ್ವ ಅವನ ಮುಖ ನೋಡಿದಳು, ಕೂಸನ್ನು ತಂದುಕೊಟ್ಟಳು. ಮಲಕಪ್ಪ ಬಾಗಿಲ ಬೆಳಕಿಗೆ ಹೋಗಿ ಕೂಸಿನ ಬಾಯಿಯನ್ನೇ ದಿಟ್ಟಿಸಿದ. ಕೂಸು ಬಾಯಿ ಅಗಲಿಸಿ ಅತ್ತಿತು. ನಾಲಿಗೆ ಮೇಲೆ ಏಳಲಿಲ್ಲ. ನಟ್ಟ ನಡುವೆ ಕೆಳಗಿನಿಂದ ಒಂದು ಬೆಳ್ಳನೆಯ ತೊಗಲಿನ ಎಳೆ ತುದಿಯ ತನಕ ಬಂದು ಜಗ್ಗಿ ಹಿಡಿದಿತ್ತು. ಜಗ್ಗಿದ ರಭಸಕ್ಕೆ ನಾಲಿಗೆಯ ತುದಿ ಎರಡು ಭಾಗವಾದಂತೆ ನಡುವೆ ಕುಳಿ ಬಿದ್ದಿತ್ತು. ಗಡ್ಡ ಹೆರೆಯುವ ಕನ್ನಡಿಯಲ್ಲಿ ಜೀವನವೆಲ್ಲ ನೋಡಿದ ನಾಲಿಗೆ ಅದು.

“ಇದು ನನ್ನ ನಾಲಿಗಿ” ಅಂದ. “ಜಯಾನ ಹಾಲಿಗೆ ಏನೂ ಆಗಿಲ್ಲ. ಇದು ನನ್ನಿಂದ ಬಂದದ್ದು.”

ಸುಂದರವ್ವ ಬಾಗಿ ನೋಡಿದಳು. ಒಮ್ಮೆ ಕೂಸನ್ನು, ಒಮ್ಮೆ ಗಂಡನನ್ನು. ಆಮೇಲೆ ಕಟ್ಟೆಗೆ ಓಡಿ ಪಕ್ಕದ ಮನೆಗೆ ಕೂಗಿದಳು. “ಖೈರೂ! ಬಾರ ಲಗೂನ! ಹಿಂದಿನ ಸೂಲಗಿತ್ತ್ಯಾರು ನಾಲಿಗಿ ಎಳಿ ಉಗುರ್ಲೆ ಹರಿತಿದ್ರಂತಲ್ಲ, ನೀ ಹರಿ ಬಾ!”

ಖೈರುನಬಿ ಬಂದು ನೋಡಿ, ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡಳು. “ಯಾ ಅಲ್ಲಾ, ನಾ ಒಲ್ಲೆ. ನಮ್ಮತ್ತಿ ಹರಿತಿದ್ಲು, ಖರೆ. ಒಂದು ಕೂಸು ನಂಜಾಗಿ ಬಾಯಿ ಬಾತು, ಕಡೀಕೆ ಬದುಕಿದ್ದ ಪುಣ್ಯಾ. ಆವತ್ತ ಆಕಿ ಆಣಿ ಮಾಡಿ ಬಿಟ್ಲು. ಬಾಗಲಕೋಟಿಗೆ ಒಯ್ರಿ ಅಣ್ಣಾ. ನಾಳೆ ಮುಂಜಾನಿನ ಒಯ್ರಿ.”

ರಾಹುಲನಿಗೆ ಫೋನು ಹಚ್ಚಿದರು. ಎಳೆಗೆ ಕತ್ತರಿ ಹಾಕಬೇಕಾದೀತು ಅಂದ ಕೂಡಲೇ ಅವನು ಹಿಂಜರಿದ. “ಅಷ್ಟ ಸಣ್ಣ ಕೂಸಿಗೆ ಕತ್ತರಿ ಯಾಕವಾ, ದೊಡ್ಡಾಂವ ಆದ ಮ್ಯಾಲೆ ನೋಡಿದ್ರ ಆಗಂಗಿಲ್ಲೇನು?” ಮಲಕಪ್ಪ ಕೈ ಚಾಚಿ ಹೆಂಡತಿಯ ಕೈಯಿಂದ ಫೋನು ತೆಗೆದುಕೊಂಡ. ಫೋನಿನಲ್ಲಿ ಮಾತಾಡುವುದೆಂದರೆ ಅವನಿಗೆ ಚೇಳು ಹಿಡಿದಂತೆ. ಮುಖ ಕಾಣದಿದ್ದರೆ ಅವನ ಮಾತು ಯಾರಿಗೂ ತಿಳಿಯುವುದಿಲ್ಲ ಎಂಬ ಅಂಜಿಕೆ.

“ರಾಹುಲಾ, ನಾ ಅದೇನಿ. ಡಾಕ್ಟರು ಹೆಂಗಂತಾರ ಹಂಗ ಮಾಡಸ್ತೇನಿ. ದೊಡ್ಡಾಂವ ಆಗೂ ತನಕಾ ಅದು ಏನ್ ಕುಡಿಬೇಕು?”

“ಆತಪಾ. ನಾ ಸೀದಾ ದವಾಖಾನಿಗೆ ಬರ್ತೇನಿ” ಅಂದ ಮಗ. ಅಪ್ಪನ ಮಾತು ಅವನಿಗೆ ಒಂದೇ ಸಲಕ್ಕೆ ತಿಳಿದಿತ್ತು.

ಬಾಗಲಕೋಟೆಯ ಮಕ್ಕಳ ದವಾಖಾನೆಯಲ್ಲಿ ಡಾಕ್ಟರ್ ಸುಲಭಾ ಎಂಬವರು ಕೂತಿದ್ದರು. ಕೂದಲು ಅರ್ಧ ನೆರೆತ ಹೆಣ್ಣುಮಗಳು, ಅವಸರ ಮಾಡುವ ಜಾತಿಯವರಲ್ಲ. ರಾಹುಲ ಇನ್ನೂ ದಾರಿಯಲ್ಲಿದ್ದ. ಒಳಗೆ ಹೋದ ಗಳಿಗೆಗೇ ಸುಂದರವ್ವ ಶುರು ಮಾಡಿದಳು. “ನೋಡ್ರಿ ಡಾಕ್ಟರಬಾಯಾರ, ನಮ್ಮ ಸೊಸಿಗೆ ಸಬ್ಬಸಗಿ ತಿನ್ನಿಸೇನ್ರಿ, ಅಳವಿ ತಿನ್ನಿಸೇನ್ರಿ, ಆದ್ರೂ ಹಾಲು ಅನ್ನೂದು…”

“ಏ, ನೀ ಸುಮ್ಮನಿರು” ಅಂದ ಮಲಕಪ್ಪ.

ಸುಂದರವ್ವನ ಬಾಯಿ ತೆರೆದದ್ದು ತೆರೆದಂತೆಯೇ ನಿಂತಿತು. ಜಯಶ್ರೀ ತಲೆ ತಗ್ಗಿಸಿ ಕೂತವಳು ಮೇಲೆ ನೋಡಿದಳು. ಮಲಕಪ್ಪ ಡಾಕ್ಟರರ ಮೇಜಿನ ಮುಂದೆ ಹೋಗಿ ನಿಂತು, ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಮರೆತು, ಬಾಯಿ ತೆಗೆದು ನಾಲಿಗೆ ಚಾಚಿದ. ಚಾಚಿದ ಎಂದರೆ ಚಾಚಲು ನೋಡಿದ. ಅದು ಕೆಳಗಿನ ಹಲ್ಲಿಗೆ ಬಂದು ನಿಂತಿತು. ಬಿಳಿ ಮೀಸೆಯ ಹಿರಿಯ ಮನುಷ್ಯ, ತಲೆಗೆ ಮಡಿ ಪಟಕ, ಡಾಕ್ಟರರ ಎದುರಿಗೆ ಸಾಲೆಯ ತುಂಟ ಹುಡುಗನಂತೆ ನಿಂತಿದ್ದ.

“ಅಯ್ಯೋ ಶಿವನ, ಬಾಯಾರಿಗೆ ನಾಲಿಗಿ ತೋರಸ್ತಾರ!” ಎಂದು ಸುಂದರವ್ವ ಹಣೆ ಬಡಿದುಕೊಂಡಳು.

ಸುಲಭಾ ನಗಲಿಲ್ಲ. ಎದ್ದು ಬಂದು ಸಣ್ಣ ಬ್ಯಾಟರಿ ಹಾಕಿ ಅವನ ಬಾಯೊಳಗೆ ನೋಡಿದರು, ಆಮೇಲೆ ಕೂಸಿನ ಬಾಯೊಳಗೆ ಬೆರಳು ಆಡಿಸಿ ನೋಡಿದರು.

“ಅಜ್ಜಾರ, ಛಲೋ ಮಾಡಿದ್ರಿ ತೋರಿಸಿದ್ದು. ಇದು ಒಮ್ಮೊಮ್ಮೆ ಮನೆತನದಾಗ ಬರ್ತದ. ನಿಮಗ ಇದರಿಂದ ಏನೇನು ತ್ರಾಸ ಆಗೇದ, ಹೇಳ್ರಿ. ಗಡಿಬಿಡಿ ಇಲ್ಲ.”

ಹೇಳ್ರಿ ಅಂದವರು, ಗಡಿಬಿಡಿ ಇಲ್ಲ ಅಂದವರು ಅವನ ಆಯುಷ್ಯದಲ್ಲಿ ಎಷ್ಟು ಮಂದಿ? ಮಲಕಪ್ಪ ಕುರ್ಚಿಯಲ್ಲಿ ಕೂತ. ತಾಯಿ ಒಳಲೆಯಲ್ಲಿ ಹಾಲು ಹಾಕಿ ಬದುಕಿಸಿದ್ದನ್ನು ಹೇಳಿದ. ಸಾಲೆಯಲ್ಲಿ ಹೆಸರು ಹೇಳಿದ್ದನ್ನು, ಪಾಟಿಚೀಲ ಗೂಟಕ್ಕೆ ಹಾಕಿದ್ದನ್ನು ಹೇಳಿದ. ಇಳಕಲ್ಲಿಗೆ ಹೋಗಲು ಹುನಗುಂದದ ಟಿಕೀಟು ಹರಿಸುವುದನ್ನೂ ಹೇಳಿದ. ಡಾಕ್ಟರರಿಗೆ ತಿಳಿಯದೆಡೆ “ಇನ್ನೊಮ್ಮೆ ಹೇಳ್ರಿ” ಅಂದರು, ಅವನು ಇನ್ನೊಮ್ಮೆ ಹೇಳಿದ, ಅಷ್ಟೇ ಸರಳ. ಸುಂದರವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಎರಡು ಬಸ್ಸಿನ ಸಂಗತಿ ಅವಳಿಗೂ ಗೊತ್ತಿರಲಿಲ್ಲ. ರೇಶ್ಮೆ ತರಲು ಹೋದವನು ಸಂಜೆ ಮಾಡಿಕೊಂಡು ಬಂದಾಗಲೆಲ್ಲ, “ಎಲ್ಲಿ ಚಾದ ಅಂಗಡ್ಯಾಗ ಕುಂತಿದ್ರಿ” ಎಂದು ಗದರಿದವಳು ಅವಳು.

ಆಮೇಲೆ ಡಾಕ್ಟರರು ಮಲಕಪ್ಪನನ್ನು ಹೊರಗೆ ಕೂಡಿಸಿ, ಜಯಶ್ರೀಗೆ ತಮ್ಮ ಮುಂದೆಯೇ ಹಾಲೂಡಿಸಲು ಹೇಳಿದರು. ಹೊರಗಿನ ಬೆಂಚಿಗೆ ಟಕ್, ಟಕ್ ಕೇಳಿಸಿತು. ಮಲಕಪ್ಪ ಕಿವಿ ಮುಚ್ಚಿಕೊಳ್ಳಲಿಲ್ಲ. ಅಷ್ಟರಲ್ಲಿ ಬೆವರು ಸುರಿಸುತ್ತ ರಾಹುಲ ಬಂದ. ಇಬ್ಬರನ್ನೂ ಒಳಗೆ ಕರೆದರು.

“ನಾಲಿಗಿ ಕೆಳಗ ಎಲ್ಲರಿಗೂ ಒಂದು ಎಳಿ ಇರ್ತದ” ಎಂದು ಸುಲಭಾ ಬಿಡಿಸಿ ಹೇಳಿದರು. “ಕೆಲವು ಕೂಸುಗಳಿಗೆ ಅದು ಗಿಡ್ಡ ಇರ್ತದ. ಗಿಡ್ಡ ಇದ್ದವರಿಗೆಲ್ಲಾ ಕತ್ತರಿ ಬೇಕಾಗಂಗಿಲ್ಲ. ಛಂದ ಕುಡದು ಮೈ ಹಿಡೀತಿದ್ರ ನಾವು ಮುಟ್ಟಾಕೂ ಹೋಗೂದಿಲ್ಲ. ಈ ಕೂಸಿಗೆ ಎದಿ ಹಿಡಿಯಾಕ ಆಗವಲ್ದು, ತೂಕ ಬಂದಿಲ್ಲ, ತಾಯಿಗೆ ಹುಣ್ಣಾಗ್ಯಾವ. ಅದಕ್ಕ ಮಾಡೂದು ಛಲೋ. ಈ ವಯಸ್ಸಿನಾಗ ಭಾಳ ಸಣ್ಣ ಕೆಲಸ.” ಆಮೇಲೆ ಜಯಶ್ರೀಯ ಕಡೆ ತಿರುಗಿದರು. “ನಿನ್ನ ಹಾಲು ಭೇಷ್ ಅದ ನೋಡವಾ. ಅದು ಕೂಸಿಗೆ ಮುಟ್ಟತಿದ್ದಿಲ್ಲ, ಅಷ್ಟ.”

ಜಯಶ್ರೀ ತಡೆದು ಹಿಡಿದದ್ದೆಲ್ಲ ಆಗ ಒಡೆಯಿತು. ಅತ್ತೆಯ ಮುಂದೆ, ಗಂಡನ ಮುಂದೆ, ಜೋರಾಗಿಯೇ ಅತ್ತಳು. ಸುಂದರವ್ವ ಅವಳ ತಲೆಯನ್ನು ಎದೆಗೆ ಒತ್ತಿಕೊಂಡು, “ನನ್ನ ಬಾಯಿಗೆ ಬೆಂಕಿ ಹಾಕ ಯವ್ವಾ, ನನ್ನ ಬಾಯಿಗೆ ಬೆಂಕಿ ಹಾಕ” ಅಂದಳು.

“ಮಾತಿಗೆ ಏನೂ ತ್ರಾಸ ಆಗೂದಿಲ್ಲಲ್ರಿ ಮುಂದ?” ಎಂದು ಕೇಳಿದ ರಾಹುಲ.

“ಖಾತ್ರಿ ಕೊಡೂದಿಲ್ಲ ನಾ. ಎಳಿ ಗಿಡ್ಡ ಇದ್ದವರೂ ಎಷ್ಟೋ ಮಂದಿ ನೆಟ್ಟಗ ಮಾತಾಡ್ತಾರ, ಕೆಲವರಿಗೆ ಕೆಲವು ಅಕ್ಷರ ತೊಡಕತಾವ. ಈಗ ನಮಗ ಹಾಲಿನ ಚಿಂತಿ. ಮಾತಿಗೆ ಬಂದಾಗ ಕರಕೊಂಡ ಬರ್ರಿ, ನೋಡೂಣು. ಬೇಕಾದ್ರ ಮಾತು ಕಲಸವ್ರು ಅದಾರ.”

ಕೆಲಸ ಮುಗಿಯಲು ಒಂದು ಚಹಾ ಆರುವಷ್ಟು ಹೊತ್ತೂ ಹಿಡಿಯಲಿಲ್ಲ. ಕೂಸನ್ನು ಬಟ್ಟೆಯಲ್ಲಿ ಸುತ್ತಿ ಒಳಗೆ ಒಯ್ದರು. ಒಂದು ಚೀರಾಟ ಕೇಳಿಸಿತು. ರಾಹುಲ ಗೋಡೆ ಹಿಡಿದುಕೊಂಡ. ಮಲಕಪ್ಪ ಕಣ್ಣು ಮುಚ್ಚಿ ತನ್ನ ನಾಲಿಗೆಯನ್ನೇ ಕಚ್ಚಿಕೊಂಡು ನಿಂತ. ಮರುಗಳಿಗೆಗೆ ನರ್ಸು ಕೂಸನ್ನು ತಂದು ಜಯಶ್ರೀಯ ಮಡಿಲಿಗೆ ಹಾಕಿದಳು. ಬಾಯಿ ಒರೆಸಿದ ಅರಿವೆಗೆ ಒಂದು ಸಣ್ಣ ಕುಂಕುಮದ ಬೊಟ್ಟಿನಷ್ಟು ರಕ್ತ ಹತ್ತಿತ್ತು, ಅಷ್ಟೇ. ಈಗಲೇ ಹಾಲಿಗೆ ಹಾಕು ಅಂದರು. ಗಂಡಸರು ಹೊರಗೆ ಬಂದರು. ಕೂಸು ಎರಡು ಸಲ ಜಾರಿತು, ಟಕ್ ಅಂದಿತು. ಅದಕ್ಕೂ ಹೊಸದಾಗಿ ಕಲಿಯಬೇಕಿತ್ತು. ಡಾಕ್ಟರರು ತಲೆ ಹಿಡಿಯುವ ರೀತಿ ತೋರಿಸಿದರು. ನಾಲ್ಕು ದಿನ ತಡೆದುಕೊಳ್ಳಿ, ಮುಂದಿನ ವಾರ ತೂಕಕ್ಕೆ ಬನ್ನಿ ಎಂದು ಹೇಳಿ ಕಳಿಸಿದರು.

ಹೊರಡುವಾಗ ಸುಲಭಾ ಮಲಕಪ್ಪನಿಗೆ, “ಅಜ್ಜಾರ, ನಿಮ್ಮದೂ ಮಾಡಬಹುದು. ಆದ್ರ ಈ ವಯಸ್ಸಿನಾಗ ಮಾತಿನ ಅಭ್ಯಾಸಾನೂ ಮಾಡಬೇಕಾಗ್ತದ” ಅಂದರು.

ಮಲಕಪ್ಪ ಹೆಂಡತಿಯ ಕಡೆ ಕಣ್ಣು ಹೊಡೆದ. “ಬ್ಯಾಡ್ರಿ. ನಾ ಮಾತಾಡಾಕ ಕಲತ್ರ ಈಕಿ ಪಾಲಿಗೆ ಏನ್ ಉಳೀತೇತಿ?”

ಡಾಕ್ಟರರು ನಕ್ಕರು. ಆ ನಗೆ ಅವನ ನಾಲಿಗೆಗೆ ಬಂದದ್ದಲ್ಲ, ಅವನ ಮಾತಿಗೆ ಬಂದದ್ದು. ಎರಡರ ಫರಕು ಅವನಿಗೆ ಚೆನ್ನಾಗಿ ಗೊತ್ತಿತ್ತು.

ತಿರುಗಿ ಬರುವಾಗ ಬಸ್ಸಿನಲ್ಲಿ ರಾಹುಲ ಟಿಕೀಟಿಗೆಂದು ಮುಂದೆ ಬಾಗಿದ. ಮಲಕಪ್ಪ ಮಗನ ಕೈ ಹಿಡಿದು ತಡೆದು, ಕಂಡಕ್ಟರನಿಗೆ ತನ್ನ ಊರಿನ ಹೆಸರು ಹೇಳಿದ, ಬಾಯಿ ತುಂಬ. ಅದು ಯಾವತ್ತಿನ ಹಾಗೇ ಮುದ್ದೆಯಾಗಿಯೇ ಬಂತು.

“ಎಲ್ಲಿಗ್ರಿ ಯಜಮಾನ್ರ?” ಅಂದ ಕಂಡಕ್ಟರ.

ಮಲಕಪ್ಪ ಇನ್ನೂ ಜೋರಾಗಿ ಹೇಳಿದ. ಮುಂದಿನ ಸೀಟಿನವರು ಹೊರಳಿ ನೋಡಿದರು. ಕಂಡಕ್ಟರ ಟಿಕೀಟು ಹರಿದುಕೊಟ್ಟು ಹಿಂದಿನ ಸೀಟಿಗೆ ಹೋದ. ಅವನಿಗೆ ಅದೇನೂ ದೊಡ್ಡ ಸಂಗತಿಯಾಗಿರಲಿಲ್ಲ.

ಮುಂದಿನ ವಾರ ತೂಕದ ಮುಳ್ಳು ಮೇಲೆ ಏರಿತ್ತು, ಅದರ ಮುಂದಿನ ವಾರ ಇನ್ನಷ್ಟು. ಆಕಳ ಹಾಲಿನ ಬಾಟ್ಲಿಯನ್ನು ಸುಂದರವ್ವ ಅಟ್ಟಕ್ಕೆ ಎಸೆದಳು. ಜಯಶ್ರೀಯ ಗಾಯ ಮಾಯತೊಡಗಿತು, ಸೆರಗು ಕಚ್ಚುವುದು ನಿಂತಿತು. ಖೈರುನಬಿ ಎರೆಯುವಾಗ ಕೂಸಿನ ತೊಡೆ ಹಿಂಡಿ, “ಸುಂದರಕ್ಕಾ, ಈಗ ಕೈಗೆ ಏನರ ಸಿಗತೇತಿ ನೋಡ” ಎಂದು ನಕ್ಕಳು.

ಹೀಗಿರುವಾಗ ಒಂದು ಮಧ್ಯಾಹ್ನ ಮಲಕಪ್ಪ ನೇಯುತ್ತಿದ್ದವನು ಫಕ್ಕನೆ ಕೈ ನಿಲ್ಲಿಸಿದ. ಮನೆಯಲ್ಲಿ ಏನೋ ಕಡಿಮೆಯಾಗಿತ್ತು. ಕಿವಿಗೊಟ್ಟ. ಕೂಸಿನ ಅಳು ಇಲ್ಲ. ಟಕ್ ಟಕ್ ಇಲ್ಲ. ಈಗಷ್ಟೇ ಕೂಸನ್ನು ಹಾಲಿಗೆ ಎತ್ತಿಕೊಂಡದ್ದು ಅವನಿಗೆ ಗೊತ್ತಿತ್ತು. ಹಳೆಯ ಕಿವಿ, ಹಳೆಯ ಅಂಜಿಕೆ. ಸಪ್ಪಳ ನಿಂತಿತೆಂದರೆ ಕೆಲಸ ಕೆಟ್ಟಿತು. ಕುಣಿಯಿಂದ ಎದ್ದು ಪರದೆಯ ತನಕ ಬಂದ. ಸುಂದರವ್ವ ನೀರಿಗೆ ಹೋಗಿದ್ದಳು. ತನ್ನ ಬದಲು ಕೇಳಲು ನಡುವೆ ಯಾರೂ ಇರಲಿಲ್ಲ.

“ತಂಗೆವ್ವಾ” ಅಂದ, ಪರದೆಯ ಹೊರಗಿನಿಂದಲೇ. ಮದುವೆಯಾಗಿ ಬಂದಾಗಿನಿಂದ ಸೊಸೆಗೆ ಅವನು ನೇರವಾಗಿ ಆಡಿದ ಮೊದಲ ಮಾತು. “ಕೂಸು ಕುಡಿಯಾಕತ್ತೇತೇನವಾ? ಸಪ್ಪಳಾನ ಇಲ್ಲಲ್ಲ.”

“ಕುಡೀತ್ರಿ ಮಾವಾರ” ಅಂದಳು ಜಯಶ್ರೀ. ದನಿಯಲ್ಲಿ ನಗೆಯಿತ್ತು. “ಎರಡೂ ಕಡೆ ಕುಡದು ಮಲಗೇತ್ರಿ. ಬಾಯಾಗಿಂದ ಇನ್ನಾ ಹಾಲು ಸೋರಾಕತ್ತೇತಿ. ಈಗೀಗ ಸಪ್ಪಳಾ ಮಾಡೂದ ಬಿಟ್ಟೇತ್ರಿ.”

ಮಲಕಪ್ಪ ಅಲ್ಲೇ ಚೌಕಟ್ಟಿಗೆ ಒರಗಿ ನಿಂತ. ಒಳಗಿನಿಂದ ಕೂಸು ಮೂಗಿನಲ್ಲಿ ಉಸಿರಾಡುವುದು ಮಾತ್ರ ಕೇಳುತ್ತಿತ್ತು. ಅದನ್ನು ಕೇಳಿಸಿಕೊಳ್ಳಲು ಅವನಂಥ ಕಿವಿಯೇ ಬೇಕಿತ್ತು. ಎಷ್ಟೋ ಹೊತ್ತು ಕೇಳಿದ.

ಆಮೇಲೆ ಮಗ್ಗಕ್ಕೆ ತಿರುಗಿ ಬಂದು ಕುಣಿಗೆ ಕಾಲು ಇಳಿಬಿಟ್ಟ. ಹಗ್ಗಕ್ಕೆ ಕೈ ಹಾಕುವ ಮೊದಲು ಲಾಳಿಯನ್ನು ಎತ್ತಿ ಒಳಗಿನ ಕಂಡಿಕೆಯನ್ನು ನೋಡಿದ. ನೂಲು ತುಂಬಿಕೊಂಡಿತ್ತು.